ಮುಂದಿನ ಹಲಗೆಯ ತೂಕ

ಬಾಯೂ ಸೋಲೇ, ಲೂಯಿಸಿಯಾನಾ
20 ನವೆಂಬರ್ 1938

ಪ್ರೀತಿಯ ಮಗಳು ಎಲ್ಮೀರ್‌ಗೆ,

ಒಂದೇ ಗುಂಡಿಗೆ ನಲವತ್ತು ಕಾಡುಬಾತು ಕೆಡವಿ, ನಲವತ್ತೊಂದನೆಯದು ರೆಕ್ಕೆ ಜೋಡಿಸಿ ಬೇಡಿಕೊಂಡಿತೆಂದು ಮನೆಗೆ ಕಳಿಸಿಕೊಟ್ಟ ನಿನ್ನ ಸೋದರಮಾವ ಓವೀದ್ ಮಾಡುವ ಆಶೀರ್ವಾದಗಳು. ಕೆಮ್ಮು ಹೇಗಿದೆ? ಎದೆಯ ನೋವು ಬಲಗಡೆಗೇ ನಿಂತಿದೆಯೋ ಎಡಕ್ಕೂ ಬಂದಿದೆಯೋ? ಆ ಪೈನ್ ಕಾಡಿನ ಆಸ್ಪತ್ರೆಯವರು ಈ ಚಳಿಯಲ್ಲೂ ನಿಮ್ಮನ್ನು ಜಗಲಿಯಲ್ಲೇ ಮಲಗಿಸುತ್ತಾರಂತೆ. ಕ್ಷಯಕ್ಕೆ ಗಾಳಿಯೇ ಮದ್ದು ಎನ್ನುವ ಡಾಕ್ಟರು ಮೊದಲು ತಾವು ಮಲಗಿ ನೋಡಲಿ. ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ದಿನಾ ಮಾತೆ ಮರಿಯಳ ಮುಂದೆ ಮೇಣದ ಬತ್ತಿ ಹಚ್ಚುತ್ತಾಳೆ, ನಾನು ಕಾಫಿಗೆ ಹೋದರೆ ಬಯ್ಯುತ್ತಾಳೆ, ಬಯ್ದ ಮೇಲೆ ಕೊಡುತ್ತಾಳೆ.

ನಿನ್ನ ಅಪ್ಪನ ದೋಣಿಯ ವಿಷಯ ಬರೆಯಬೇಕು. ನೀನು ಹೋದ ಮೇಲೆ ಭಾವ ಸುಮ್ಮನೆ ಕೂರಲಿಲ್ಲ. ಹಳೆಯ ಕಾಲದವರು ಸಾಗಿಸುವಾಗ ಮುಳುಗಿಹೋದ ಒಂದು ಸೈಪ್ರೆಸ್ ದಿಮ್ಮಿಯನ್ನು ಕೆಸರಿನಿಂದ ಎತ್ತಿಸಿದರು. ಎತ್ತಿದವನು ನಾನೇ ಎಂದು ಬರೆಯಲು ಕೈ ತುರಿಸುತ್ತದೆ. ನಿಜಕ್ಕೂ ಎತ್ತಿದ್ದು ಎರಡು ಹೇಸರಗತ್ತೆಗಳು, ನಾನು ಅವಕ್ಕೆ ಬುದ್ಧಿ ಹೇಳುತ್ತಿದ್ದೆ. ಬೇಸಿಗೆಯೆಲ್ಲ ಬಾಚಿಯಲ್ಲಿ ಕೆತ್ತಿದರು. ಹೊರಗಿನಿಂದ ಬೈರಿಗೆಯಲ್ಲಿ ತೂತು ಕೊರೆದು, ಬೆರಳು ದಪ್ಪದಷ್ಟು ಉದ್ದದ ಕಪ್ಪು ಮರದ ಗೂಟ ಹೊಡೆದು, ಒಳಗಿನಿಂದ ಕೆತ್ತುತ್ತ ದೋಣಿಯ ಮೈ ಎಲ್ಲೂ ತೆಳುವಾಗದಿರಲೆಂದು ಗೂಟದ ತುದಿ ಕಪ್ಪಗೆ ಕಂಡಲ್ಲಿ ಬಾಚಿ ನಿಲ್ಲಿಸುವುದು ನಿನಗೆ ಗೊತ್ತೇ ಇದೆ. ಒಂದು ಗೂಟವನ್ನೂ ದಾಟಲಿಲ್ಲ. ಎಂದಿನಂತೆ ಇಬ್ಬರ ದೋಣಿ: ಹಿಂದೆ ನಿಂತು ಗಳ ಹಾಕಲು ಅವರು, ಮುಂದಿನ ಹಲಗೆಯಲ್ಲಿ ಬಂದೂಕು ಹಿಡಿದು ಕೂರಲು ನೀನು. ಬಾತುಬೇಟೆ ಶುರುವಾಗುವ ದಿನಕ್ಕೆ ನೀನು ಬಂದೇ ಬರುತ್ತೀಯೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಇಬ್ಬರ ದೋಣಿಗೆ ಒಬ್ಬರೇ ಹತ್ತಿದರೆ ಮೂತಿ ಮೇಲೇಳುತ್ತದೆ, ಗಾಳಿ ಅದನ್ನು ಹಿಡಿದು ತಿರುಗಿಸುತ್ತದೆ. ನೀರಿಗಿಳಿಸಿದ ದಿನ ನಾನೇ ಮುಂದೆ ಕೂತು ಉಪಕಾರ ಮಾಡಹೋದೆ. ಮೂತಿ ನೀರು ಕುಡಿಯಿತು, ಭಾವ ಹಿಂದೆ ಕೊಕ್ಕರೆಯ ಹಾಗೆ ಮೇಲಕ್ಕೆದ್ದರು. ‘ಇಳಿಯೋ, ಹಂದಿ ಸಾಗಿಸೋಕೆ ಮಾಡಿದ್ದಲ್ಲ ಇದು’ ಅಂದರು. ಆಮೇಲೆ ಒಂದು ಗೋಣಿಚೀಲಕ್ಕೆ ಸಿಂಪಿ ಚಿಪ್ಪು ತುಂಬಿ, ಸಿಗಡಿ ತೂಗುವ ತಕ್ಕಡಿಗೆ ಹಾಕಿ, ನೀನು ಕಾಗದದಲ್ಲಿ ಬರೆದಿದ್ದ ಆ ತಿಂಗಳ ನಿನ್ನ ತೂಕಕ್ಕೆ ಸರಿಮಾಡಿ ಮುಂದಿನ ಹಲಗೆಯ ಮೇಲಿಟ್ಟರು. ದೋಣಿ ನೀರಿನ ಮೇಲೆ ಚಾಪೆಯಂತೆ ಮಲಗಿತು. ಅವತ್ತಿನಿಂದ ಪ್ರತಿ ಸಂಜೆ ಆ ಚೀಲವನ್ನು ಕೂರಿಸಿಕೊಂಡು ಜೊಂಡಿನ ತನಕ ಹೋಗಿ ಬರುತ್ತಿದ್ದರು.

ನಿನ್ನ ಕಾಗದ ಓದುವವನು ನಾನು. ನಾಲ್ಕು ಕ್ಲಾಸು ಓದಿದ ನಾನು ಆ ಮನೆಗೆ ಮಹಾಪಂಡಿತ. ಸೆಪ್ಟೆಂಬರಿನ ಕಾಗದದಲ್ಲಿ ನೀನು ತೊಂಬತ್ತಾರು ಪೌಂಡು ಎಂದು ಬರೆದಿದ್ದೆ, ಹಿಂದಿನ ಸಲಕ್ಕಿಂತ ಕಡಿಮೆ. ನಾನು ಕಣ್ಣು ಮಿಟುಕಿಸದೆ ನೂರ ಆರು ಎಂದು ಓದಿದೆ. ನಿನ್ನ ಅಮ್ಮ ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತಳು. ಭಾವ ತಲೆಯಾಡಿಸಿ, ಕಾಗದ ಈಸಿಕೊಂಡು ಜೇಬಿಗಿಟ್ಟರು. ಎರಡು ದಿನ ಬಿಟ್ಟು ನೋಡುತ್ತೇನೆ, ದೋಣಿಯ ಮೂತಿ ತಗ್ಗುವ ಬದಲು ಮೇಲೆದ್ದಿದೆ. ಚೀಲ ತೂಗಿದೆ. ತೊಂಬತ್ತಾರು. ನಾನು ತಕ್ಕಡಿ ಹಿಡಿದು ನಿಂತಿರುವಾಗಲೇ ಅವರು ಹಿಂದಿನಿಂದ ಬಂದರು. ‘ನಿನಗೆ ಅಕ್ಷರ ಬರುತ್ತೆ ಓವೀದ, ನನಗೆ ಅಂಕಿ ಬರುತ್ತೆ. ಜೀವಮಾನ ಪೂರ್ತಿ ಸಿಗಡಿ ಮಾರಿದೋನು ನಾನು. ಅವಳಮ್ಮನಿಗೆ ನೀನು ಓದಿದ್ದೇ ಇರ್ಲಿ. ನಾನು ಅವಳು ಎಷ್ಟಿದ್ದಾಳೋ ಅಷ್ಟನ್ನೇ ಕೂರಿಸ್ಕೊಂಡು ಹೋಗ್ತೀನಿ.’ ನಾನು ಚೀಲವನ್ನು ಮತ್ತೆ ಮುಂದಿನ ಹಲಗೆಯ ಮೇಲಿಟ್ಟೆ ಮಗೂ.

ಅಕ್ಟೋಬರಿನ ಕಾಗದ ನಿನ್ನ ಕೈಬರಹದಲ್ಲಿರಲಿಲ್ಲ. ನಿನಗೆ ತಕ್ಕಡಿಯ ಮೇಲೆ ನಿಲ್ಲುವ ಶಕ್ತಿಯಿಲ್ಲ, ಈ ತಿಂಗಳು ತೂಗಲಿಲ್ಲ ಎಂದು ದಾದಿಯಮ್ಮ ಬರೆದಿದ್ದರು. ಆಸ್ಪತ್ರೆಯ ತಕ್ಕಡಿ ರಿಪೇರಿಗೆ ಹೋಗಿದೆಯಂತೆ ಎಂದು ನಾನು ಓದಿದೆ. ಭಾವ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ, ಮತ್ತೆ ತಿರುವಿ, ಅಂಕಿ ಹುಡುಕಿದರು. ಮೇಲಿನ ಮೂಲೆಯಲ್ಲಿ ಬೆರಳಿಟ್ಟು ‘ಇದಾ?’ ಅಂದರು. ‘ಅದು ತಾರೀಖು ಭಾವ’ ಅಂದೆ.

ಬೇಟೆ ಶುರುವಾದ ದಿನ ಬೆಳಗ್ಗೆ ಆಕಾಶ ತುಂಬ ಬಾತು. ನಾನು ನನ್ನ ದೋಣಿಯಲ್ಲಿ ಬಾತುಗಳನ್ನು ಸೆಳೆಯುವ ಮರದ ಹುಸಿಬಾತುಗಳನ್ನು ಪೇರಿಸಿಕೊಂಡು ನಿಮ್ಮ ದೋಣಿಕಟ್ಟೆಗೆ ಹೋದೆ. ಭಾವ ಬಂದೂಕು ತೊಳೆದು ಒರೆಸಿ, ಟೊಪ್ಪಿ ಹಾಕಿಕೊಂಡು, ಚೀಲದ ಬಾಯಿ ಬಿಚ್ಚಿ ನಿಂತಿದ್ದರು. ಒಂದು ಕೈಯಲ್ಲಿ ಚಿಪ್ಪು. ಹಾಕಲೂ ಇಲ್ಲ, ಎಸೆಯಲೂ ಇಲ್ಲ. ಹೋದ ಸಲದಷ್ಟೇ ಇರಲಿ, ನಡೆಯಿರಿ ಎಂದೆ. ‘ಹೋದ ಸಲದ್ದು ಹೋಯ್ತಲ್ಲೋ. ಈಗೆಷ್ಟು?’ ಅಂದರು. ಊರಿನ ಬಂದೂಕುಗಳೆಲ್ಲ ಜವುಗಿನಲ್ಲಿ ಢಮಢಮ ಎನ್ನುತ್ತಿದ್ದವು. ಬಿಸಿಲೇರುವ ತನಕ ಹಾಗೇ ನಿಂತಿದ್ದು, ಚೀಲವನ್ನು ಕಟ್ಟೆಯ ಮೇಲೆ ಸುರಿದು, ದೋಣಿಯನ್ನು ದಡಕ್ಕೆ ಎಳೆದು ಹಾಕಿ ಒಳಗೆ ಹೋದರು.

ಆಮೇಲೆ ದೋಣಿಯ ಕಡೆ ತಿರುಗಿ ನೋಡಿಲ್ಲ. ಹೊಸದಾಗಿ ಕೆತ್ತಿದ ಮರ, ಉತ್ತರದ ಒಣ ಗಾಳಿ. ಒಳಗೆ ನೀರು ನಿಲ್ಲಿಸದಿದ್ದರೆ ಸೀಳುತ್ತದೆಂದು ನನಗೆ ಕಲಿಸಿದವರೇ ಅವರು. ಈಗ ನಾನೇ ಬೆಳಗ್ಗೆ ಸಂಜೆ ಬಕೆಟ್ಟಿನಲ್ಲಿ ನೀರು ಹೊಯ್ಯುತ್ತಿದ್ದೇನೆ, ಗೋಣಿ ನೆನೆಸಿ ಹೊದಿಸುತ್ತಿದ್ದೇನೆ. ಆದರೂ ಮುಂದಿನ ಹಲಗೆಯ ಕೆಳಗೆ ಒಂದು ಗೂಟ ಸಡಿಲವಾಗಿ, ಅಲ್ಲಿಂದ ಕೂದಲೆಳೆಯಷ್ಟು ಬಿರುಕು ಹೊರಟಿದೆ. ಟಾರು ಕಾಯಿಸಿ ತುಂಬಿದೆ. ಮಾರನೆಯ ದಿನ ಅದು ಟಾರನ್ನೂ ದಾಟಿ ಮುಂದೆ ಹೋಗಿತ್ತು. ಭಾವ ಬಂದು ಒಂದು ಸಲ ಬೆರಳಾಡಿಸಿದ್ದರೆ ನಿಲ್ಲುತ್ತಿತ್ತೋ ಏನೋ. ಕರೆದೆ, ಬರಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಎದ್ದುಬಿಡುತ್ತಾರೆ. ನಿನ್ನ ಅಮ್ಮ ಇನ್ನೂ ನಾನು ಓದಿದ ನೂರ ಆರನ್ನೇ ನಂಬಿಕೊಂಡಿದ್ದಾಳೆ.

ಅದಕ್ಕೇ ಕೇಳುತ್ತೇನೆ, ಒಂದು ಅಂಕಿ ಕಳಿಸು. ನಿಲ್ಲಲಾಗದಿದ್ದರೆ ದಾದಿಯಮ್ಮ ಎತ್ತಿಕೊಂಡು ನಿಲ್ಲಲಿ, ಆಮೇಲೆ ತಮ್ಮ ತೂಕ ಕಳೆಯಲಿ. ದಾದಿಯಮ್ಮಾ, ಇದನ್ನು ನೀವೇ ಓದಿ ಹೇಳುತ್ತಿದ್ದರೆ, ನಿಮ್ಮ ಕಾಲಿಗೆ ಬೀಳುತ್ತೇನೆ. ಎಷ್ಟು ಕಡಿಮೆಯಿದ್ದರೂ ಸರಿ, ನಿಜವಾದದ್ದೇ ಬರೆಯಿರಿ. ಸುಳ್ಳು ಅಂಕಿಗೆ ಆ ಮನುಷ್ಯ ಏಳುವುದಿಲ್ಲ.

ಹಾಲು ಕುಡಿ, ಮೊಟ್ಟೆ ಬಿಡಬೇಡ, ಬೆನ್ನು ಬೆಚ್ಚಗಿಟ್ಟುಕೋ. ಮಾತೆ ಮರಿಯಳು ನಿನ್ನ ಹಾಸಿಗೆಯ ಪಕ್ಕದಲ್ಲೇ ಇರಲಿ.

ಇಂತಿ ನಿನ್ನ ಮಾವ,
ಓವೀದ್

ಮರೆತ ಮಾತು: ಅಂಚೆಯ ದೋಣಿ ಕೂಗುತ್ತಿದೆ, ಬೇಗ ಬರೆಯುತ್ತೇನೆ. ಬೇಟೆ ಶುರುವಾಗುವ ದಿನ ನೀನು ಮುಂದಿನ ಹಲಗೆಯ ಮೇಲೆ ಕೂತಿರುತ್ತೀಯೆಂದು ನುಮಾ ಅಂಗಡಿಯಲ್ಲಿ ಪಂಥ ಕಟ್ಟಿದ್ದೆ. ಹತ್ತು ಡಾಲರಿಗೇ ನಿಲ್ಲಿಸು ಎಂದು ಅಂಗಡಿಯ ನುಮಾ ತಾನೇ ಕೈ ಹಿಡಿದುಕೊಂಡ. ನಾನು ಕೇಳಲಿಲ್ಲ, ನನಗೆ ಅಷ್ಟು ಖಾತ್ರಿಯಿತ್ತು. ನಿನ್ನ ಅಮ್ಮನಿಗೆ ಎರಡು ಡಾಲರ್ ಹೋಯಿತೆಂದು ಹೇಳಿದ್ದೇನೆ. ಎರಡಲ್ಲ ಮಗೂ. ಹೋದ ಚಳಿಗಾಲ ಬೋನಿಟ್ಟು ಹಿಡಿದ ಪ್ರಾಣಿಗಳ ತೊಗಲು ಮಾರಿದ ದುಡ್ಡು ಪೂರ್ತಿ, ತೊಂಬತ್ತೆಂಟು ಡಾಲರ್.