ಎಣ್ಣೆ ಹಾಕದ ಕಾಳು

ಗುರ್‌ಬಾರ್ಧ್, ಶ್ಕೊಡರ್ ಜಿಲ್ಲೆ
ಏಪ್ರಿಲ್ ೧೦, ೧೯೯೧

ಪ್ರೀತಿಯ ತಂಗಿ ವಿತೋರೆ,

ಒಂದು ಸಹಿ ಹಾಕಲು ಎಷ್ಟು ಹೊತ್ತು ಬೇಕು ಎಂದಿದ್ದೆ ನೀನು, ಅಥವಾ ಎಷ್ಟು ಶಾಯಿ ಬೇಕು ಎಂದಿದ್ದೆಯೋ, ಸರಿಯಾಗಿ ನೆನಪಿಲ್ಲ. ಹಡಗು ಹಿಡಿಯಲು ಹೊರಟ ದಿನ ಬಾಗಿಲಲ್ಲಿ ನಿಂತು, ಚೀಲವನ್ನು ಹೆಗಲಿಗೇರಿಸುತ್ತ, ನನ್ನ ಮುಖ ನೋಡದೆ ಆಡಿದ ಮಾತು. ಅದರ ಕೊನೆ ಮಾತ್ರ ಚೆನ್ನಾಗಿ ನೆನಪಿದೆ: "ಅಪ್ಪನಿಗೆ ನಮಗಿಂತ ದೇವರೇ ಹೆಚ್ಚಾದ." ಅದಕ್ಕೆ ಉತ್ತರ ನನಗೆ ಈಗ ಸಿಕ್ಕಿದೆ ಅನಿಸುತ್ತದೆ. ಆದರೆ ಅದನ್ನು ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲವೆಂದು ನಿನಗೆ ಗೊತ್ತೇ ಇದೆ.

ಮೊದಲು ನಿನ್ನ ಆರೋಗ್ಯ ಹೇಗಿದೆ ಹೇಳು. ಹಡಗಿನಲ್ಲಿ ನೆನೆದು ಬಂದ ಕೆಮ್ಮು ಬಿಟ್ಟಿತೇ? ಇಟಲಿಯಲ್ಲಿ, ಬ್ರಿಂಡಿಸಿಯ ಆ ಶಾಲೆಯ ಕೊಠಡಿಯಲ್ಲಿ ಇನ್ನೂ ಅರವತ್ತು ಜನ ಮಲಗುತ್ತಿದ್ದೀರಾ, ಬೇರೆ ಜಾಗ ಕೊಟ್ಟರಾ? ಅಮ್ಮ ಕೇಳುವುದು ಎರಡೇ ಪ್ರಶ್ನೆ, ಉಣ್ಣೆಯ ಕಾಲುಚೀಲ ಒಣಗಿದೆಯಾ, ಹೊಟ್ಟೆ ತುಂಬ ತಿನ್ನುತ್ತಾಳಾ. ಪಟ್ಟಣದಲ್ಲಿ ಗುಂಡು ಹಾರಿದ ಸುದ್ದಿಯನ್ನು ಅಲ್ಲಿನ ರೇಡಿಯೋದಲ್ಲಿ ಕೇಳಿ ಗಾಬರಿಯಾಗಿರಬಹುದು. ನಮಗೆ ಏನೂ ಆಗಿಲ್ಲ. ನಾನು ಎಂದಿನಂತೆ ದಿನಕ್ಕೆರಡು ಸಲ ಹೊಳೆಗೆ ಇಳಿದು, ಅಳತೆಕೋಲು ನೋಡಿ, ನೀರು ಎಷ್ಟಿದೆಯೆಂದು ಬರೆದಿಟ್ಟು ಬರುತ್ತೇನೆ. ಸರ್ಕಾರ ಇದೆಯೋ ಇಲ್ಲವೋ ಯಾರಿಗೂ ಖಚಿತವಿಲ್ಲ, ಆದರೆ ನೀರಿನ ಮಟ್ಟ ಯಾರಿಗಾದರೂ ಬೇಕಾಗಬಹುದು.

ಅಪ್ಪ ಬಂದರು. ನೀನು ಹೋದ ಹನ್ನೊಂದನೆಯ ದಿನ, ಭಾನುವಾರ ಮಧ್ಯಾಹ್ನ. ಯಾರೋ ತರಕಾರಿ ಲಾರಿಯಲ್ಲಿ ಸೇತುವೆಯ ತನಕ ತಂದು ಇಳಿಸಿದ್ದರಂತೆ, ಅಲ್ಲಿಂದ ನಡೆದುಕೊಂಡೇ ಬಂದರು. ಕೈದಿಗಳ ತಾಮ್ರದ ಗಣಿಯಲ್ಲಿ ಇಪ್ಪತ್ತು ವರ್ಷ ಕಳೆದವರ ಮೈ ಹೇಗಿರುತ್ತದೆಂದು ನಾನು ಬರೆಯುವುದಿಲ್ಲ. ಎಡಗೈಯ ಎರಡು ಬೆರಳು ಇಲ್ಲ, ಇಷ್ಟು ಸಾಕು. ಅಂಗಳದಲ್ಲಿ ನಿಂತು ಮೊದಲು ಮನೆಯ ಸೂರು ನೋಡಿದರು, ಬಡಗಿಯಲ್ಲವೇ. "ಈ ತೊಲೆ ಯಾರು ಹಾಕಿದ್ದು? ಕೆಟ್ಟದಾಗಿ ಹಾಕಿದ್ದಾನೆ," ಎಂದರು. ಹಾಕಿದ್ದು ನಾನು. ಅಮ್ಮ ಒಳಗಿನಿಂದ ಬಂದು, ಇಪ್ಪತ್ತು ವರ್ಷ ಬೇಕಾಯಿತಾ ಇದನ್ನು ಹೇಳೋಕೆ ಎಂದು ಕೇಳಿ, ಅವರ ಕೋಟು ಬಿಚ್ಚಿಸಿ ಕುದಿಯುವ ನೀರಿಗೆ ಹಾಕಿದಳು. ಅಪ್ಪಿಕೊಂಡದ್ದೆಲ್ಲ ಆಮೇಲೆ.

ಆ ಸಂಜೆಯೇ ನಾನು ಅವರಿಗೆ ಒಂದು ವಿಷಯ ಹೇಳಿದೆ. ನಿನಗೂ ಅದನ್ನು ಯಾವತ್ತೂ ಹೇಳಿಲ್ಲ. ಅವರ ಬಂಧನವಾದ ಮರುವರ್ಷ, ಕಚೇರಿಯಲ್ಲಿ ಅಧಿಕಾರಿಗಳು ನನ್ನ ಮುಂದೆ ಒಂದು ಕಾಗದ ಇಟ್ಟರು. ನನ್ನ ತಂದೆ ಪ್ರೆಕ್ ಎಂಬ ಕೈದಿಗೂ ನನಗೂ ಇನ್ನು ಸಂಬಂಧವಿಲ್ಲ, ಅವನ ಮೂಢನಂಬಿಕೆಗಳನ್ನು ನಾನು ಖಂಡಿಸುತ್ತೇನೆ, ಹೀಗೆ. ನಾನು ಸಹಿ ಹಾಕಿದೆ. ಮೇಜಿನ ಮೇಲಿದ್ದ ಕಾಫಿ ಆರುವ ಮೊದಲೇ ಮುಗಿದಿತ್ತು. ನಿನ್ನ ಪ್ರಶ್ನೆಗೆ ಒಂದು ಉತ್ತರ ಇದೇ ಇರಬೇಕು, ಅಷ್ಟೇ ಹೊತ್ತು ಸಾಕು. ಅಪ್ಪ ಕೇಳಿ ತಲೆಯಾಡಿಸಿದರು. "ಗೊತ್ತು. ಅಲ್ಲಿ ನನಗೆ ಓದಲು ಕೊಟ್ಟಿದ್ದರು. ನಿನ್ನ ಅಕ್ಷರ ಚೆನ್ನಾಗಿದೆ, ಫ್ರಾನ್," ಎಂದರು. ಹಂಗಿಸಲಿಲ್ಲ. ಹಂಗಿಸಿದ್ದರೆ ಹಗುರಾಗುತ್ತಿತ್ತೇನೋ.

ಈಗ ಎಂಬತ್ತೊಂದರ ವಿಷಯಕ್ಕೆ ಬರುತ್ತೇನೆ. ನಿನ್ನ ಸಿಟ್ಟಿನ ಬೇರು ಇರುವುದು ಅಲ್ಲೇ. ನೆರೆಮನೆಯ ಹಸುಗೂಸಿಗೆ, ದೇವರ ಹೆಸರೇ ನಿಷಿದ್ಧವಾಗಿ ಪಾದ್ರಿಗಳೆಲ್ಲ ಜೈಲಿನಲ್ಲಿದ್ದಾಗ, ಕಾಫಿ ಬಟ್ಟಲಿನ ನೀರಿನಲ್ಲಿ ದೀಕ್ಷಾಸ್ನಾನ ಮಾಡಿಸಿದ್ದಕ್ಕೆ ಅಪ್ಪನಿಗೆ ಸಿಕ್ಕಿದ್ದು ಹತ್ತು ವರ್ಷ. ಅದು ಆ ವರ್ಷ ಮುಗಿಯುತ್ತಿತ್ತು. ನಿನಗೆ ಹದಿನೆಂಟು. ದೇವರನ್ನು ನಿರಾಕರಿಸುವ ಒಂದು ಹೇಳಿಕೆಗೆ ಅಪ್ಪ ಸಹಿ ಹಾಕಿದರೆ ಬಿಡುಗಡೆ, ನಿನಗೆ ಶಿಕ್ಷಕಿಯರ ತರಬೇತಿಯಲ್ಲಿ ಜಾಗ, ಎಂದು ಅಧಿಕಾರಿಗಳು ಹೇಳಿ ಕಳಿಸಿದ್ದರು. ನೀನು ಆಗಲೇ ಲಂಗವನ್ನು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆ. ಅಪ್ಪ ಸಹಿ ಹಾಕಲಿಲ್ಲ. ಇನ್ನೂ ಹತ್ತು ವರ್ಷ ಬಿತ್ತು. ನಿನ್ನನ್ನು ಸಾಮೂಹಿಕ ಕೃಷಿಯ ತಂಬಾಕು ಕೊಟ್ಟಿಗೆಗೆ ಕಳಿಸಿದರು. ನಮಗೆ ಗೊತ್ತಿದ್ದದ್ದು ಇಷ್ಟೇ. ಅಪ್ಪ ನಮ್ಮನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ದೇವರನ್ನು ಇನ್ನೊಂದರಲ್ಲೂ ಇಟ್ಟು ತೂಗಿದರು ಎಂದು ನೀನು ತಿಳಿದೆ. ನಿಜ ಹೇಳಬೇಕೆಂದರೆ ನಾನೂ.

ಆ ವಸಂತದಲ್ಲಿ ನಮ್ಮ ಮನೆ ಶೋಧಿಸಿದ್ದು ನಿನಗೆ ನೆನಪಿರಬೇಕು. ಏಪ್ರಿಲ್ ಹತ್ತೊಂಬತ್ತು, ಭಾನುವಾರ. ನಿನ್ನನ್ನೂ ನನ್ನನ್ನೂ ಹಿತ್ತಲಲ್ಲಿ ನಿಲ್ಲಿಸಿ, ಬೀದಿ ಸಮಿತಿಯ ಲಿರಿ ಇಬ್ಬರು ಪೊಲೀಸರ ಜತೆ ಒಳಗೆ ಹೋದಳು. ಯೇಸು ಎದ್ದ ಪಾಸ್ಕ ಹಬ್ಬದ ದಿನ ಕೆಂಪು ಮೊಟ್ಟೆ ಹುಡುಕುವುದು ಆ ವರ್ಷಗಳಲ್ಲಿ ಅವರ ವಾರ್ಷಿಕ ಕೆಲಸ. ಮೊಟ್ಟೆಗೆ ಹಾಕುವ ಈರುಳ್ಳಿ ಸಿಪ್ಪೆಯ ಬಣ್ಣ ಇದೆಯಾ ಎಂದು ಅಮ್ಮನ ಉಗುರು ನೋಡಿದಳು. ಒಲೆಯ ಬೂದಿ ಜರಡಿ ಹಿಡಿದಳು. ಒಂದು ಚಿಪ್ಪು ಸಿಕ್ಕಿದ್ದರೆ ಅಮ್ಮ ಒಳಗೆ, ನಾವಿಬ್ಬರೂ ದಕ್ಷಿಣದ ಜೌಗಿಗೆ ಗಡೀಪಾರು. ಏನೂ ಸಿಗಲಿಲ್ಲ. ಕೊನೆಗೆ ಮಡಕೆಯ ಮುಚ್ಚಳ ತೆಗೆದು, ಬೆರಳು ಅದ್ದಿ, ನೆಕ್ಕಿದಳಂತೆ. "ಥೂ, ಎಣ್ಣೆ ಇಲ್ಲ, ಬೆಣ್ಣೆ ಇಲ್ಲ. ಹಬ್ಬ ಮಾಡೋರು ಹಿಂಗೆ ತಿಂತಾರಾ, ದ್ರಾನಕ್ಕ?" ಎಂದು ಕೇಳಿದಳು. ಇರೋದನ್ನ ತಿಂತೀವಿ ತಾಯಿ, ಎಂದಳು ಅಮ್ಮ. ಪೊಲೀಸನು ಅದನ್ನೂ ವರದಿಯಲ್ಲಿ ಬರೆದುಕೊಂಡ.

ಅವರು ಹೋದ ಮೇಲೆ ಅಮ್ಮ ನನ್ನನ್ನು ಕೇಳಿದಳು: "ಇವತ್ತು ಯಾಕೆ ಬಂದರು? ಹಬ್ಬಕ್ಕೆ ಇನ್ನೂ ಒಂದು ವಾರ ಇದೆಯಲ್ಲ." ಅವಳ ಲೆಕ್ಕ ನಿನಗೆ ಗೊತ್ತು. ಪಂಚಾಂಗ ಇಲ್ಲ, ಪಾದ್ರಿ ಇಲ್ಲ. ಹಗಲೂ ಇರುಳೂ ಸಮವಾದ ಮೇಲೆ ಬರುವ ಹುಣ್ಣಿಮೆ, ಅದು ಕಳೆದ ಮೇಲಿನ ಭಾನುವಾರ. ಚಿಮಣಿಯ ಪಕ್ಕದ ಸಂದಿನಿಂದ ಚಂದ್ರನನ್ನು ನೋಡಿ ಹದಿನಾಲ್ಕು ವರ್ಷ ನಮಗೆಲ್ಲ ಹಬ್ಬ ಮಾಡಿಸಿದಳು. ಆ ವರ್ಷ ಹುಣ್ಣಿಮೆ ಆ ಭಾನುವಾರವೇ ಬಿದ್ದಿತ್ತು. ಹಾಗಾಗಿ ಹಬ್ಬ ಮುಂದಿನ ಭಾನುವಾರ ಎಂದು ಎಣಿಸಿದ್ದಳು. ಮೊಟ್ಟೆಗಳು ಇನ್ನೂ ಹೊಳೆಯಾಚೆ ಚಿಕ್ಕಮ್ಮನ ಮನೆಯಲ್ಲಿದ್ದವು. ನಮಗೆ ಅದು ಗರಿಗಳ ಭಾನುವಾರ, ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಅತಿ ಕಟ್ಟುನಿಟ್ಟಿನ ಉಪವಾಸದ ವಾರದ ಹೊಸ್ತಿಲು. ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಕೊನೆಯ ಎರಡು ವಾರ ಭಾನುವಾರವೂ ವಿನಾಯಿತಿಯಿಲ್ಲ. ಮಾಂಸ, ಹಾಲು, ಮೊಟ್ಟೆ ಹೋಗಲಿ, ಎಣ್ಣೆಯೂ ಇಲ್ಲ. ನೀನು ಅದಕ್ಕೆ ಎಷ್ಟು ಗೊಣಗುತ್ತಿದ್ದೆ. ಆ ಮಧ್ಯಾಹ್ನ ಕಚೇರಿಯ ಗೆಳೆಯನ ರೇಡಿಯೋದಲ್ಲಿ, ಇಟಲಿಯ ಕೇಂದ್ರದಲ್ಲಿ, ಹಬ್ಬದ ಗಂಟೆಗಳು ಸಣ್ಣಗೆ ಕೇಳಿಸಿದವು. ಅಮ್ಮ ತಪ್ಪಿದ್ದಾಳೆ ಎಂದು ನನಗೆ ಗೊತ್ತಾಯಿತು. ಹೇಳಲಿಲ್ಲ. ಆ ತಪ್ಪಿನಿಂದಲೇ ನಾವು ಉಳಿದಿದ್ದೆವು.

ಇದಿಷ್ಟು ನಮ್ಮ ಕಡೆಯ ಕಥೆ. ಅಪ್ಪನ ಕಡೆಯದು ನನಗೆ ತಿಳಿದದ್ದು ಈಗ, ಅವರು ಬಂದ ಮೂರನೆಯ ದಿನ, ಆ ತೊಲೆಯನ್ನು ಬಿಚ್ಚಿ ಮತ್ತೆ ಕೂರಿಸುತ್ತಿದ್ದಾಗ. ಎಂಬತ್ತೊಂದರ ಮೇ ತಿಂಗಳಲ್ಲಿ ಶಿಬಿರದ ಅಧಿಕಾರಿ ಅವರನ್ನು ಗಣಿಯಿಂದ ಕರೆಸಿ, ಹೇಳಿಕೆಯನ್ನೂ ಪೆನ್ನನ್ನೂ ಮುಂದಿಟ್ಟು, ಒಂದು ವರದಿ ಓದಿದನಂತೆ. ನಮ್ಮ ಮನೆಯ ಶೋಧದ ವರದಿ. ಹಬ್ಬದ ದಿನವೇ ಹೋಗಿದ್ದೆವು ಮುದುಕಾ, ನಿನ್ನ ಮನೆಯಲ್ಲಿ ಮೊಟ್ಟೆ ಇಲ್ಲ, ಮೇಣದ ಬತ್ತಿ ಇಲ್ಲ, ಪ್ರಾರ್ಥನೆಯ ಸುಳಿವಿಲ್ಲ, ನಿನ್ನ ಹೆಂಡತಿಯೇ ನಿನ್ನ ದೇವರನ್ನು ಬಿಟ್ಟಾಯಿತು, ನೀನೊಬ್ಬ ಯಾರಿಗಾಗಿ ಇಲ್ಲಿ ಕೊಳೆಯುತ್ತೀ ಎಂದನಂತೆ. ಅವನು ಸುಳ್ಳು ಹೇಳಲಿಲ್ಲ, ನೋಡು. ಅವನ ಕೈಯಲ್ಲಿದ್ದದ್ದು ಅಕ್ಷರಶಃ ಸತ್ಯವಾದ ಕಾಗದ.

ವಿತೋರೆ, ಅಪ್ಪ ಪೆನ್ನು ಕೈಗೆ ತೆಗೆದುಕೊಂಡರು. ಇದನ್ನು ಎರಡು ಸಲ ಓದು. ಹೊಡೆತಕ್ಕೆ ಅಲ್ಲ, ಹಸಿವಿಗೆ ಅಲ್ಲ, ಹತ್ತು ವರ್ಷದಲ್ಲಿ ಮೊದಲ ಸಲ, ಆ ವರದಿಗೆ. "ಮನೆಯಲ್ಲೇ ಬಿಟ್ಟಿದ್ದಾರೆ ಅಂದಮೇಲೆ ನಾನು ಹಿಡಿದುಕೊಂಡು ಕೂತಿರೋದು ಯಾವುದನ್ನ ಅನಿಸಿತು. ಹೋಗಿ ಆ ಹುಡುಗಿಯನ್ನಾದರೂ ಓದಿಸೋಣ ಅನಿಸಿತು," ಎಂದರು. ಆ ಹುಡುಗಿ ಎಂದರೆ ನೀನು. ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಹಾಗೇ, ಮನೆಯ ಮೇಲಿನ ಆಸೆಗೆ, ಇನ್ನೊಂದು ಮಾತು ಕೇಳಬೇಕೆನಿಸಿತಂತೆ.

"ಸಾಹೇಬರೇ, ಮಡಕೆಯಲ್ಲಿ ಏನಿತ್ತು?"

ಅಧಿಕಾರಿಗೆ ತನ್ನವರ ಅಚ್ಚುಕಟ್ಟಿನ ಬಗ್ಗೆ ಹೆಮ್ಮೆ. ಹಾಳೆ ತಿರುಗಿಸಿ ಓದಿದ. ನೀರಿನಲ್ಲಿ ಬೇಯಿಸಿದ ಬೀನ್ಸ್ ಕಾಳು. ಎಣ್ಣೆ ಇಲ್ಲ. ಬೆಣ್ಣೆ ಇಲ್ಲ. ಜೋಳದ ರೊಟ್ಟಿ, ಒಣಗಿದ್ದು. ಹಸಿ ಈರುಳ್ಳಿ. ಶೆಲ್ಫಿನ ಮೇಲೆ ಅರ್ಧ ಶೀಸೆ ಎಣ್ಣೆ, ಮುಟ್ಟದೆ ಇಟ್ಟದ್ದು. ಪೊಲೀಸನು ಅದನ್ನೂ ಬಿಡದೆ ಬರೆದಿದ್ದ.

ಅಪ್ಪ ಪೆನ್ನು ಕೆಳಗಿಟ್ಟರು. ಅವರ ಗಣಿಯಲ್ಲಿ ಹಬ್ಬದ ತಾರೀಖುಗಳ ತಖ್ತೆಯನ್ನು ಬಾಯಿಪಾಠ ಮಾಡಿಕೊಂಡ ಒಬ್ಬ ಮುದಿ ಪಾದ್ರಿ ಇದ್ದರು, ಸರಿಯಾದ ದಿನ ಅಪ್ಪನಿಗೆ ಗೊತ್ತಿತ್ತು. ಎಣ್ಣೆ ಮನೆಯಲ್ಲಿದ್ದೂ ಭಾನುವಾರ ಎಣ್ಣೆಯಿಲ್ಲದ ಕಾಳು ತಿನ್ನುವ ಮನೆ, ದಿನ ತಪ್ಪಿಸಿಕೊಂಡಿದೆಯೇ ಹೊರತು ದೇವರನ್ನಲ್ಲ ಎಂದು ಅವರಿಗೆ ಒಂದೇ ಉಸಿರಿಗೆ ಹೊಳೆಯಿತು. ಹತ್ತು ವರ್ಷದಲ್ಲಿ ಅವರಿಗೆ ಮನೆಯಿಂದ ಬಂದ ಮೊದಲ ಪೂರ್ತಿ ಸುದ್ದಿ ಅದು, ಓದಿ ಹೇಳಿದವನು ಶಿಬಿರದ ಅಧಿಕಾರಿ. ಅಪ್ಪನಿಗೆ ನಗು ಬಂತು. ತಡೆಯಲು ನೋಡಿದರಂತೆ, ಆಗಲಿಲ್ಲ. ಹೊಡೆದರು, ಆಗಲೂ ನಿಲ್ಲಲಿಲ್ಲ. ಕತ್ತಲೆ ಕೋಣೆಯಲ್ಲಿ ಇಪ್ಪತ್ತೊಂದು ದಿನ ಹಾಕಿದರು. ಯಾಕೆ ನಕ್ಕೆ ಎಂಬ ಪ್ರಶ್ನೆಗೆ ಹತ್ತು ವರ್ಷ ಉತ್ತರ ಕೊಡಲಿಲ್ಲ, ಕೊಟ್ಟಿದ್ದರೆ ಅಮ್ಮ ಒಳಗಿರುತ್ತಿದ್ದಳು. ಭೇಟಿಗೆ ಹೋದಾಗ ನಮಗೂ ಹೇಳುವಂತಿರಲಿಲ್ಲ. ಕಾವಲಿನವನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಿದ್ದ.

ಹಾಗಾಗಿ, ತಂಗಿ, ತಕ್ಕಡಿಯ ಲೆಕ್ಕ ನಾವು ತಿಳಿದಂತಿರಲಿಲ್ಲ. ಒಂದು ತಟ್ಟೆಯಲ್ಲಿ ನಾವು, ಇನ್ನೊಂದರಲ್ಲಿ ದೇವರು ಎಂದು ಅವರಿಗೆ ಯಾವತ್ತೂ ಕಂಡಿರಲಿಲ್ಲ. ನಾವು ಬಿಟ್ಟಿದ್ದೇವೆ ಎಂದುಕೊಂಡಾಗ ಸಹಿಗೆ ಕೈ ಚಾಚಿದರು, ನಾವು ಇನ್ನೂ ಉಪವಾಸವಿದ್ದೇವೆ ಎಂದು ತಿಳಿದಾಗ ಕೈ ಹಿಂದೆಗೆದರು. ನೀನು ಗೊಣಗುತ್ತ ತಿಂದ ಆ ಸಪ್ಪೆ ಕಾಳಿನ ಬಲದ ಮೇಲೆ ಅವರು ಇನ್ನೂ ಹತ್ತು ವರ್ಷ ನಿಂತರು. ನಾನು ನಂಬುವವನೋ ಅಲ್ಲವೋ ನನಗೇ ತಿಳಿಯದು, ಆದರೆ ಇದನ್ನು ಕೇಳಿದ ದಿನ ಹೊಳೆಯ ಅಳತೆ ತಪ್ಪಾಗಿ ಬರೆದೆ.

ಅಮ್ಮನಿಗೆ ಅವಳ ತಪ್ಪನ್ನು ಅಪ್ಪನೇ ಹೇಳಿದರು. ಅವಳು ಒಪ್ಪಲಿಲ್ಲ. "ನಾನು ಕಣ್ಣಾರೆ ನೋಡಿದೀನಿ. ನಿಮ್ಮ ಪಾದ್ರಿಗಳು ನೆಲದೊಳಗಿದ್ದರು, ಅವರಿಗೆ ಚಂದ್ರ ಎಲ್ಲಿ ಕಾಣಬೇಕು?" ಎಂದಳು. ನಾನು ಆಮೇಲೆ ವಿಚಾರಿಸಿದೆ. ಧರ್ಮಸಭೆಯ ತಖ್ತೆ ಆಕಾಶವನ್ನು ನೋಡದೆ ಹಳೆಯ ಗಣಿತವನ್ನು ನಂಬುತ್ತದೆ, ಆ ವರ್ಷ ಎರಡಕ್ಕೂ ಒಂದು ದಿನದ ಅಂತರ ಬಿದ್ದಿತ್ತು. ಅಂದರೆ ಅವಳ ಚಂದ್ರನೂ ಸರಿಯೇ. ಇದನ್ನು ಅವಳಿಗೆ ಹೇಳಿ ದೊಡ್ಡ ತಪ್ಪು ಮಾಡಿದೆ, ಈಗ ಮನೆಯಲ್ಲಿ ಯಾವ ವಿಷಯದಲ್ಲೂ ಅವಳನ್ನು ಎದುರಿಸುವ ಹಾಗಿಲ್ಲ.

ಈ ವರ್ಷ ಚಂದ್ರನೂ ತಖ್ತೆಯೂ ಒಂದೇ ದಿನ ಹೇಳಿದವು, ಮಾರ್ಚ್ ಮೂವತ್ತೊಂದು. ಚುನಾವಣೆಯೂ ಅದೇ ದಿನ. ಅಪ್ಪ ಬೆಳಿಗ್ಗೆ ಮತಗಟ್ಟೆಗೆ ಹೋಗಿ ಬಂದು, ಸರ್ಕಾರದ ಕಾಗದದ ಮೇಲೆ ಕೊನೆಗೂ ಗುರುತು ಹಾಕಿದೆ ಎಂದು ಎಲ್ಲರನ್ನೂ ನಗಿಸಿದರು. ಆಮೇಲೆ ಇಗರ್ಜಿಯಲ್ಲಿ ಪೂಜೆ. ಅದನ್ನು ಉಣ್ಣೆ ಗೋದಾಮು ಮಾಡಿದ್ದರಲ್ಲ, ಮೂರು ದಿನ ಗುಡಿಸಿದರೂ ಗೋಡೆಯ ಸಂದುಗಳಿಂದ ಉಣ್ಣೆಯ ಎಳೆ ತೇಲುತ್ತಲೇ ಇತ್ತು, ಬಲಿಪೂಜೆಯ ಉದ್ದಕ್ಕೂ ಜನ ಸೀನುತ್ತಿದ್ದರು. ಬಲಿಪೀಠ ಅಪ್ಪ ಮಾಡಿದ್ದು, ಎಂಟು ಬೆರಳಿನಲ್ಲಿ, ಎರಡು ವಾರದಲ್ಲಿ. ಪೂಜೆ ಅರ್ಪಿಸಿದ್ದು ತಖ್ತೆಯ ಆ ಮುದಿ ಪಾದ್ರಿ. ಅವರು ಬಟ್ಟಲು ಎತ್ತುವಾಗ, ಪಕ್ಕದಲ್ಲಿ ನಿಂತಿದ್ದ ಅಪ್ಪ ಗಣಿಯಲ್ಲಿ ಬಂಡಿ ತಳ್ಳುವಾಗ ಮಾಡುತ್ತಿದ್ದಂತೆ ಅವರ ಮೊಣಕೈ ಕೆಳಗೆ ತಮ್ಮ ಕೈ ಕೊಟ್ಟರು. ಕದವಿಲ್ಲದ ಬಾಗಿಲಿನಿಂದ ರಸ್ತೆಯವರೆಗೂ ಜನ ತುಂಬಿದ್ದರು. ಹಾಡು ಯಾರಿಗೂ ಪೂರ್ತಿ ಬರುತ್ತಿರಲಿಲ್ಲ, ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿದರು. ಹೊರಗೆ ಗೋಡೆಗೊರಗಿ ನಿಂತಿದ್ದ ಲಿರಿಯ ಕೈಗೆ ಅಮ್ಮ ಒಂದು ಕೆಂಪು ಮೊಟ್ಟೆ ಇಟ್ಟು, "ತಗೋ, ಈ ಸಲ ಬೂದಿ ಜರಡಿ ಹಿಡಿಯೋ ಕಷ್ಟ ಇಲ್ಲ," ಎಂದಳು. ಲಿರಿ ಅಳುತ್ತಾಳೆ ಎಂದುಕೊಂಡೆ. ಅವಳು ಅಲ್ಲೇ ಸಿಪ್ಪೆ ಸುಲಿದು ತಿಂದಳು. ಅದೂ ಒಳ್ಳೆಯದೇ.

ಅಮ್ಮ ನಿನ್ನ ಹಣೆಗೆ ದೂರದಿಂದಲೇ ಶಿಲುಬೆಯ ಗುರುತು ಹಾಕುತ್ತಿದ್ದಾಳೆ, ನಾನು ಬರೆಯುತ್ತಿರುವ ಈ ಹಾಳೆಯ ಮೇಲೆ. ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಬೆಚ್ಚಗಿರು, ಯಾರಿಗೂ ತಲೆ ತಗ್ಗಿಸಬೇಡ.

ನಿನ್ನ ಅಣ್ಣ,
ಫ್ರಾನ್

ಮತ್ತೆ: ಟಪಾಲಿನವನು ಬಾಗಿಲಲ್ಲಿ ಬೈಯುತ್ತ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಅಪ್ಪ ನಿನ್ನ ವಿಳಾಸ ಕೇಳಿದರು. ಅವರು ಬಿಡುಗಡೆಯಾಗಿ ಬಂದರೂ ಕೊಡಬೇಡ ಎಂದು ನೀನು ನಿನ್ನ ಕಾಗದದ ಕೊನೆಗೆ ಗೆರೆ ಎಳೆದು ಬರೆದಿದ್ದೀ, ಹಾಗಾಗಿ ಲಕೋಟೆ ಕಳೆದುಹೋಯಿತು ಎಂದೆ. ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಬೆಳಿಗ್ಗೆ ನನ್ನ ಕಚೇರಿಯ ಹಾಳೆ ತೆಗೆದುಕೊಂಡು 'ಮಗಳೇ' ಎಂದು ಬರೆದು ನಿಲ್ಲಿಸಿದ್ದಾರೆ, ಮುಂದಿನದು ಅವಳು ಓದುತ್ತಾಳೆ ಅಂತ ತಿಳಿದ ಮೇಲೆ ಎನ್ನುತ್ತಾರೆ. ಅವರ ಎದೆಯಲ್ಲಿ ಗಣಿಯ ದೂಳು ತುಂಬಿದೆ. ವೈದ್ಯರು ಬೇಸಿಗೆಯ ಮಾತಾಡುತ್ತಾರೆ, ಚಳಿಗಾಲದ ಮಾತಾಡುವುದಿಲ್ಲ. ವಿತೋರೆ, ವಿಳಾಸ ಕೊಡಲೇ?