ಇಟ್ಟವರನ್ನು ಕೇಳದೆ ತೆಗೆಯುವಂತಿಲ್ಲ

ಗದಗ, ಕೋಳಿ ಹೋದ ನಾಲ್ಕನೆಯ ವರ್ಷ. ನಿಮ್ಮ ಲೆಕ್ಕದಲ್ಲಿ 2268ರ ಫೆಬ್ರುವರಿ ಮೂವತ್ತು. ಆ ತಿಂಗಳನ್ನು ನಾವು ಮೂವತ್ತು ದಿನಕ್ಕೆ ಸರಿಮಾಡಿಕೊಂಡಿದ್ದೇವೆ.

ಇನ್ನೂರು ವರ್ಷಕ್ಕೂ ಹಿಂದೆ ಲಸಿಕೆ ಮಾಡುತ್ತಿದ್ದ ಮಾನ್ಯ ಹಿರಿಯರಿಗೆ,

ಗದಗಿನ ಕೋಶಮನೆಯ ಫಕೀರವ್ವ ಮಾಡುವ ನಮಸ್ಕಾರಗಳು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ತಿದ್ದಿ ಬರೆಯುವಷ್ಟು ವ್ಯವಧಾನ ನನಗಿಲ್ಲ.

ಕೋಶಮನೆ ಎಂದರೆ ಫ್ಲೂ ಲಸಿಕೆ ತಯಾರಿಸುವ ಮನೆ. ಈಗ ಊರಿಗೊಂದು ಇದೆ. ನಿಮಗಿಂತ ಹಿಂದಿನ ಯಾವುದೋ ನಾಯಿಯ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳ ಸಂತತಿ ಇಂದಿಗೂ ನಮ್ಮ ಜಾಡಿಗಳಲ್ಲಿ ಬೆಳೆಯುತ್ತಿದೆ. ಅವುಗಳೊಳಗೆ ವೈರಸ್ ಬೆಳೆಸಿ, ಕೊಂದು, ಲಸಿಕೆ ಮಾಡುತ್ತೇವೆ. ಆ ಋಣಕ್ಕೆ, ಬೆಳಿಗ್ಗೆ ಜಾಡಿಗಳಿಗೆ ಆಹಾರ ಹಾಕುವ ಮೊದಲು ಬೀದಿನಾಯಿಗೆ ಅರ್ಧ ರೊಟ್ಟಿ ಹಾಕಬೇಕು. ನಮ್ಮ ಓಣಿಯ ನಾಯಿಗಳು ತಿಂದು ತಿಂದು ನಡೆಯಲಾರದಂತಾಗಿವೆ.

ವೈರಸ್ ಕೋಶದೊಳಗೆ ಹೋಗಬೇಕಾದರೆ ಕೋಶದ ಮೈಮೇಲೆ ಅದಕ್ಕೆ ಒಂದು ಹಿಡಿಕೆ ಬೇಕು. ಹಿಡಿಕೆ ಎಂದರೆ ಒಂದು ಬಗೆಯ ಸಕ್ಕರೆ. ನೀವು ಗ್ರಾಹಕ ಎನ್ನುತ್ತಿದ್ದಿರಿ. ಮನುಷ್ಯರ ಫ್ಲೂ ಒಂದು ಹಿಡಿಕೆಯನ್ನು ಹುಡುಕುತ್ತದೆ, ಹಕ್ಕಿಗಳ ಫ್ಲೂ ಇನ್ನೊಂದನ್ನು. ನಾಯಿಯ ಕೋಶಗಳಲ್ಲಿ ಎರಡೂ ಇದ್ದವು. ನಿಮ್ಮ ಕಾಲದವರು ಜೀನ್ ಕತ್ತರಿಸಿ ಹಕ್ಕಿಯ ಹಿಡಿಕೆ ತೆಗೆದರು, ಮನುಷ್ಯರದನ್ನು ಹೆಚ್ಚಿಸಿದರು. ಲಸಿಕೆ ಧಾರಾಳವಾಗಿ ಬಂತು. ಹಕ್ಕಿಯ ವೈರಸ್ಸನ್ನು ಬೆಳೆಸಲು ಹೇಗೂ ಕೋಳಿಮೊಟ್ಟೆ ಇದೆಯಲ್ಲ ಎಂದುಕೊಂಡು ಆಮೇಲಿನವರು ಹಳೆಯ ಕೋಶಗಳನ್ನು ಊರೂರಲ್ಲೂ ಚೆಲ್ಲಿಬಿಟ್ಟರು. ಎಂಥ ಜಾಣರಪ್ಪ! ನಾಲ್ಕು ವರ್ಷದ ಹಿಂದೆ ಹಕ್ಕಿಜ್ವರ ಕೋಳಿಗಳನ್ನೆಲ್ಲ ಒಯ್ದಿತು. ಈಗ ಅದೇ ಜ್ವರ ಮನುಷ್ಯರ ಎದೆಗೆ ಇಳಿದಿದೆ. ಶ್ವಾಸಕೋಶದ ಆಳದಲ್ಲಿ ನಮಗೂ ಹಕ್ಕಿಯ ಹಿಡಿಕೆ ಇದೆ. ಜಾಡಿಯ ಕೋಶಗಳಿಗೆ ಮಾತ್ರ ಇಲ್ಲ, ಹಾಗಾಗಿ ಈ ಜ್ವರಕ್ಕೆ ಲಸಿಕೆಯೂ ಇಲ್ಲ. ಅದನ್ನು ಮತ್ತೆ ಕೂಡಿಸುವ ಕೆಲಸ ನಡೆದಿದೆ, ಮುಗಿಯುವಷ್ಟರಲ್ಲಿ ಮುಂದಿನ ಚಳಿಗಾಲ ಬಂದಿರುತ್ತದೆ.

ನನ್ನ ತಮ್ಮ ಅಡಿವೆಪ್ಪ ಜ್ವರದ ವಾರ್ಡಿನಲ್ಲಿ ನರ್ಸ್. ಲಸಿಕೆಯಿಲ್ಲದೆ ದಿನಾ ಒಳಗೆ ಹೋಗುತ್ತಾನೆ. ಅವನ ಜೊತೆಯವರಲ್ಲಿ ಇಬ್ಬರು ತೀರಿಕೊಂಡರು. ಸಂಜೆ ಬಂದವನು ಬಾಗಿಲಲ್ಲಿ ಸುಮ್ಮನೆ ಕೆಮ್ಮಿದರೂ ನನ್ನ ಜೀವ ಬಾಯಿಗೆ ಬರುತ್ತದೆ.

ನೆಲಮಾಳಿಗೆಯಲ್ಲಿ ನಿಮ್ಮ ಕಾಲದ ಶೀತಪಾತ್ರೆ ಒಂದಿದೆ. ಅದಕ್ಕೆ ದ್ರವ ಸಾರಜನಕ ತುಂಬುತ್ತ ಬಂದಿದ್ದೇವೆ, ತಳವನ್ನು ಯಾರೂ ನೋಡಿಲ್ಲ. ಇಟ್ಟವರನ್ನು ಕೇಳದೆ ಏನನ್ನೂ ತೆಗೆಯುವಂತಿಲ್ಲ ಎಂಬುದು ಕೋಶಮನೆಯ ಕಟ್ಟಳೆ. ಹಿಂದೆ ಯಾರೋ ಬೇರೆ ಯಾವುದೋ ಕೋಶದ ಕೊನೆಯ ಸೀಸೆಯನ್ನು ಕೇಳದೆ ತೆಗೆದು ಹಾಳುಮಾಡಿದ್ದರಂತೆ. "ಸತ್ತವರನ್ನ ಏನ್ ಕೇಳ್ತೀಯಕ್ಕಾ, ತಗದ ನೋಡಬಾರದ?" ಎಂದು ಅಡಿವೆಪ್ಪ ರೇಗುತ್ತಾನೆ. ತೆಗೆದು ನೋಡಿ ಅಲ್ಲಿ ಏನೂ ಇಲ್ಲದಿದ್ದರೆ, ಆಮೇಲೆ ಕೇಳಿ ಏನು ಬಂತು?

ಅದಕ್ಕೇ ಮೊದಲು ಕೇಳುತ್ತಿದ್ದೇನೆ. ಹೊಸ ಕೋಶಗಳನ್ನು ಮಾಡಿ, ಬೇಡವೆನ್ನುವುದಿಲ್ಲ. ಅವುಗಳಿಂದ ನಾವು ಎಷ್ಟೋ ಚಳಿಗಾಲ ದಾಟಿದ್ದೇವೆ. ಆದರೆ ಕತ್ತರಿ ಆಡಿಸುವ ಮೊದಲು, ಏನೂ ಬದಲಿಸದ ಹಳೆಯ ಕೋಶಗಳ ಸೀಸೆಯೊಂದನ್ನು ಆ ಪಾತ್ರೆಯ ತಳದಲ್ಲಿ ಇಡಿ. ಕೆಲಸಕ್ಕೆ ಬಾರದ್ದು ಅನ್ನಿಸಿದರೂ ಇಡಿ. ಅದನ್ನು ತೆಗೆದುಕೊಳ್ಳಲು ನನಗೆ ಅಪ್ಪಣೆ ಕೊಡಿ.

ಅಡಿವೆಪ್ಪ ವಾರ್ಡಿಗೆ ಹೊರಟವನು ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತಿದ್ದಾನೆ. ನೋಡಿಕೊಂಡೇ ಹೋಗುತ್ತಾನಂತೆ. ಸಹಿ ಹಾಕಿ, ಕೈಗವಸು ತೊಟ್ಟು, ಮುಚ್ಚಳ ತೆಗೆಯುತ್ತೇನೆ.

ಇಟ್ಟಿದ್ದೀರಿ, ಅಲ್ಲವೇ?

ಫಕೀರವ್ವ