ಓಸ್ಲೋಗೆಂದು ಹೊಲಿಸಿದ ಕೋಟು

ಅಪ್ಪಾ,

ನನ್ನನ್ನು ನಾರ್ವೆಗೆ ರಾಯಭಾರಿಯಾಗಿ ಕಳಿಸುವ ಬಗ್ಗೆ ಸೆನೆಟ್ ಸಮಿತಿ ಇಂದು ಪ್ರಶ್ನೆಗಳನ್ನು ಕೇಳಿ ಮುಗಿಸಿತು. ನಾನು ಗೆದ್ದೇಬಿಟ್ಟೆ ಎಂದು ನಿನ್ನ ತಂಗಿ ವರ್ಲೀನ್ ಅತ್ತೆ ಆಗಲೇ ಇಡೀ ಚರ್ಚಿಗೆ ಸುದ್ದಿ ಮುಟ್ಟಿಸಿದ್ದಾಳೆ.

ನೀನು ಓಸ್ಲೋ ಕೇಳಿದಾಗಲೆಲ್ಲ ವಿದೇಶಾಂಗ ಇಲಾಖೆ ನಿನ್ನನ್ನು ಆಫ್ರಿಕಾದ ಮನ್ರೋವಿಯಾಕ್ಕೇ ಕಳಿಸುತ್ತಿತ್ತು. ಕಪ್ಪು ಅಧಿಕಾರಿಗಳಿಗೆ ಆಗ ಅದೇ ದಾರಿ. ಓಸ್ಲೋಗೆಂದು ನೀನು ಹೊಲಿಸಿದ ಉಣ್ಣೆಯ ಕೋಟನ್ನು ಅತ್ತೆ ಇಂದು ಸಮಿತಿಯ ಸಭಾಂಗಣಕ್ಕೆ ತಂದು, ಮನೆಯವರ ಸಾಲಿನ ಕುರ್ಚಿಯೊಂದಕ್ಕೆ ತೊಡಿಸಿದಳು.

"ಅತ್ತೆ, ಅದು ಜನ ಕೂರೋ ಜಾಗ."

"ನಮ್ಮಣ್ಣ ಕೂತಿದಾನೆ. ನೀನು ಹೋಗಿ ನಿನ್ ಕೆಲ್ಸ ನೋಡೇ."

ಮನೆಯವರನ್ನು ಪರಿಚಯಿಸುತ್ತ ನಿನ್ನ ಹೆಸರು ಹೇಳಿದೆ: ಲೂಷಿಯಸ್ ಟ್ರೆಡ್‌ವೆಲ್. ಅಲ್ಲಿ ಪ್ರೇಕ್ಷಕರು ಉಸಿರೆತ್ತುವಂತಿಲ್ಲ. ಆದರೆ ಅತ್ತೆಯ ಜೊತೆ ಬಂದಿದ್ದ ಹೆಂಗಸರು, ತೀರಿಕೊಂಡವರ ಹೆಸರು ಕರೆದಾಗ ಚರ್ಚಿನಲ್ಲಿ ಮಾಡುವಂತೆಯೇ, ಭಾನುವಾರದ ದೊಡ್ಡ ಟೋಪಿಗಳ ಸಮೇತ ಎದ್ದುನಿಂತು ಒಂದೇ ದನಿಯಲ್ಲಿ, "ಇಲ್ಲೇ ಇದಾರೆ!" ಎಂದರು.

ಸಮಿತಿಯ ಅಧ್ಯಕ್ಷರು ಸದ್ದಡಗಿಸಲು ಮೇಜಿನ ಸುತ್ತಿಗೆ ಎತ್ತಿದರು. ಆ ಸಾಲನ್ನೂ ಕುರ್ಚಿಯಲ್ಲಿದ್ದ ಕೋಟನ್ನೂ ನೋಡಿದರು. ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟು ತಾವೂ ಎದ್ದುನಿಂತರು. ಅವರ ಹಿಂದೆಯೇ ಇಡೀ ಸಮಿತಿ ಎದ್ದಿತು.

ಕೋಟನ್ನು ಈಗ ಮನೆಗೆ ತಂದಿದ್ದೇನೆ. ಅದರ ಗುಂಡಿಗಳು ಇನ್ನೂ ಹೊಸದಾಗಿಯೇ ಇವೆ.

ಸಮಿತಿ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮತ ಹಾಕುತ್ತದೆ.